ಬೀಟ್ ಪೊಲೀಸ್ ಮತ್ತು ಊರಿನ ಎಲ್ಲ ಕೇರಿಗಳು

(ಗ್ರಾಮ ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಮತ್ತು ಪೊಲೀಸ್ ಸಿಬ್ಬಂದಿ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ಹಳ್ಳಿಗಾಡಿನ ಅಪರಾಧಗಳ ಬಗ್ಗೆ ಮಾತನಾಡಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಅಂಕಿಅಂಶಗಳದ್ದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸುವ ವಾರ್ಷಿಕ ವರದಿಯಲ್ಲಿ ರಾಜ್ಯವಾರು ಕೋಷ್ಟಕಗಳಿವೆ, ಮಹಾನಗರಗಳಿಗೆ ಬೇರೆಯೇ ಕೋಷ್ಟಕಗಳಿವೆ. ಹಳ್ಳಿಗಳಿಗೆಂದು ಅಂಥದೊಂದು ಕೋಷ್ಟಕವಿಲ್ಲ. ಒಂದೇ ಪ್ರಕರಣದಲ್ಲಿ ನಾಲ್ಕಾರು ಕಲಂಗಳಿದ್ದರೂ ಅವುಗಳಲ್ಲಿ ಅತಿ ಘೋರವಾದ ಅಪರಾಧವೊಂದನ್ನೇ ಲೆಕ್ಕಕ್ಕೆ ಹಿಡಿಯುವುದು ಆ ವರದಿಯ ಪದ್ಧತಿ. ಇದಕ್ಕಿಂತ ದೊಡ್ಡ ಸಂಗತಿಯೆಂದರೆ, ಠಾಣೆಯಲ್ಲಿ ದಾಖಲಾಗದ ಅಪರಾಧ ಯಾವ ಕೋಷ್ಟಕದಲ್ಲೂ ಕಾಣಿಸುವುದಿಲ್ಲ. ಆದ್ದರಿಂದ ಒಂದು ತಾಲ್ಲೂಕಿನಲ್ಲಿ ಪ್ರಕರಣಗಳು ಕಡಿಮೆಯಿವೆ ಎಂದರೆ ಅಲ್ಲಿ ಅಪರಾಧ ಕಡಿಮೆ ಎಂದೂ ಅರ್ಥವಾಗಬಹುದು, ಜನ ಠಾಣೆಯ ಮೆಟ್ಟಿಲು ಹತ್ತುತ್ತಿಲ್ಲ ಎಂದೂ ಅರ್ಥವಾಗಬಹುದು. ಇವೆರಡರಲ್ಲಿ ಯಾವುದು ನಿಜ ಎಂಬುದನ್ನು ಊರಿಗೆ ಹೋಗಿ ಬರುವ ಪೊಲೀಸರಷ್ಟೇ ಹೇಳಬಲ್ಲರು.

ಸೈಬರ್ ಅಪರಾಧದ ಅಂಕಿಗಳನ್ನೇ ನೋಡಿ. 2023ರಲ್ಲಿ ದೇಶದಲ್ಲಿ ದಾಖಲಾದ 86,420 ಸೈಬರ್ ಪ್ರಕರಣಗಳಲ್ಲಿ 21,889 ಕರ್ನಾಟಕದವು. ದೇಶದಲ್ಲೇ ನಮ್ಮ ರಾಜ್ಯದ್ದು ಮೊದಲ ಸ್ಥಾನ. ಅವುಗಳಲ್ಲಿ 17,631 ಪ್ರಕರಣಗಳು ಬೆಂಗಳೂರು ನಗರವೊಂದರಲ್ಲೇ ದಾಖಲಾಗಿದ್ದವು. ಬೀದರಿನಿಂದ ಚಾಮರಾಜನಗರದವರೆಗಿನ ಉಳಿದ ಇಡೀ ರಾಜ್ಯಕ್ಕೆ ಸಿಕ್ಕ ಪಾಲು ನಾಲ್ಕು ಸಾವಿರದ ಚಿಲ್ಲರೆ. ಬೆಂಗಳೂರಿನಲ್ಲಿ ಹಣದ ವ್ಯವಹಾರ ಹೆಚ್ಚು, ಬಲೆಗೆ ಬೀಳುವವರೂ ಹೆಚ್ಚು ಎಂಬುದನ್ನು ಒಪ್ಪೋಣ. ಆದರೆ ಮೊಬೈಲ್ ಇಲ್ಲದ ಹಳ್ಳಿ ಇಂದು ಯಾವುದಿದೆ? ಗೃಹಲಕ್ಷ್ಮಿಯ ಹಣ, ಪಿಂಚಣಿ, ಬೆಳೆ ಪರಿಹಾರ, ಉದ್ಯೋಗ ಖಾತ್ರಿಯ ಕೂಲಿ ಎಲ್ಲವೂ ಬ್ಯಾಂಕ್ ಖಾತೆಗೇ ಬರುತ್ತವೆ. ಖಾತೆಗೆ ಬಂದ ಹಣದ ಹಿಂದೆಯೇ ಮೋಸಗಾರನ ಕರೆಯೂ ಬರುತ್ತದೆ. 2023ರಲ್ಲಿ ಉಪನೋಂದಣಿ ಕಚೇರಿಗಳ ದಾಖಲೆಗಳಲ್ಲಿದ್ದ ಹೆಬ್ಬೆಟ್ಟಿನ ಗುರುತುಗಳನ್ನು ಬಳಸಿ ಆಧಾರ್ ಜೋಡಿಸಿದ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ನಮ್ಮ ರಾಜ್ಯದಲ್ಲಿ ಬೆಳಕಿಗೆ ಬಂದವು. ಜಮೀನಿನ ಕ್ರಯಪತ್ರಕ್ಕೆ ಬೆರಳೊತ್ತಿದವರೇ ಅದರ ಗುರಿಯಾದರು. ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆ ಮೀಸಲಾದ ಸಿಇಎನ್ ಠಾಣೆ ಇರುವುದು ಜಿಲ್ಲಾ ಕೇಂದ್ರದಲ್ಲಿ. ಎರಡು ಸಾವಿರ ರೂಪಾಯಿ ಕಳೆದುಕೊಂಡ ಹೆಣ್ಣುಮಗಳು ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಾಯಿಸಿ ಅಲ್ಲಿಗೆ ಹೋಗುವುದಿಲ್ಲ. 1930 ಎಂಬ ಸಹಾಯವಾಣಿಗೆ ಹಣ ಹೋದ ಕೂಡಲೇ ಕರೆ ಮಾಡಿದರೆ ಆ ಹಣವನ್ನು ನಡುದಾರಿಯಲ್ಲೇ ತಡೆಹಿಡಿಯುವ ಅವಕಾಶವಿದೆ ಎಂದು ಆಕೆಗೆ ಮೊದಲೇ ಯಾರೂ ಹೇಳಿರುವುದಿಲ್ಲ. ನಾಲ್ಕು ಸಾವಿರದ ಚಿಲ್ಲರೆ ಎಂಬ ಆ ಸಂಖ್ಯೆಯನ್ನು ಹಳ್ಳಿಗಳ ನೆಮ್ಮದಿಯ ಗುರುತೆಂದು ಓದಲು ನನಗೆ ಸಾಧ್ಯವಾಗುತ್ತಿಲ್ಲ.

ಕಳವಿನ ವಿಷಯವೂ ಹೀಗೆಯೇ ಇದೆ. ಹಳ್ಳಿಯ ಕಳವು ಬೆಳೆಯ ಬೆಲೆಯ ಹಿಂದೆ ಓಡುತ್ತದೆ. ಅಡಿಕೆಗೆ ಬೆಲೆ ಬಂದಾಗ ತೋಟದ ಗೊನೆಗಳು, ಕಾಳುಮೆಣಸಿಗೆ ಬೆಲೆ ಬಂದಾಗ ಕಣದಲ್ಲಿ ಒಣಗಲು ಹಾಕಿದ ಮೆಣಸು ಕಾಣೆಯಾಗುತ್ತವೆ. 2023ರ ಜುಲೈನಲ್ಲಿ ಟೊಮೆಟೊ ಬೆಲೆ ಗಗನಕ್ಕೇರಿದಾಗ ಹಾಸನ ಜಿಲ್ಲೆಯ ಹಳೇಬೀಡು ಠಾಣೆಯ ಸರಹದ್ದಿನಲ್ಲಿ ಹೊಲದಿಂದಲೇ ಲಕ್ಷಾಂತರ ರೂಪಾಯಿಯ ಟೊಮೆಟೊ ಕಳವಾದ ದೂರು ದಾಖಲಾಗಿತ್ತು. ವರ್ಷವಿಡೀ ನಡೆಯುವುದು ಕೊಳವೆ ಬಾವಿಯ ಕೇಬಲ್ ಕಳವು. ರಾತ್ರಿ ಕೇಬಲ್ ಕತ್ತರಿಸಿಕೊಂಡು ಹೋಗಿ, ಮೇಲಿನ ಹೊದಿಕೆಯನ್ನು ಸುಟ್ಟು, ಒಳಗಿನ ತಾಮ್ರವನ್ನು ಗುಜರಿಗೆ ಹಾಕುತ್ತಾರೆ. ಕಳ್ಳನಿಗೆ ಅದರಿಂದ ಸಿಗುವುದು ಕೆಲವು ನೂರು ರೂಪಾಯಿಯಾದರೂ ರೈತನಿಗೆ ಹೊಸ ಕೇಬಲಿನ ವೆಚ್ಚ, ಅದು ಬರುವವರೆಗೆ ನೀರಿಲ್ಲದೆ ಬಾಡುವ ಪೈರು, ಕೂಲಿಯವರನ್ನು ಮತ್ತೆ ಕರೆಸುವ ತಾಪತ್ರಯ ಎಲ್ಲವೂ ಸೇರುತ್ತವೆ.

ಇಲ್ಲಿ ಎಲ್ಲರೂ ಗಮನಿಸಬೇಕಾದ ಕಾನೂನಿನ ಬದಲಾವಣೆಯೊಂದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಪ್ರಕಾರ, ಕಳವಾದ ವಸ್ತುವಿನ ಮೌಲ್ಯ 5,000 ರೂಪಾಯಿಗಿಂತ ಕಡಿಮೆಯಿದ್ದು, ಆರೋಪಿ ಮೊದಲ ಬಾರಿ ತಪ್ಪಿತಸ್ಥನಾಗಿದ್ದು, ಕಳವಿನ ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ ಸಾಕು. ಹೊಟ್ಟೆಪಾಡಿಗೆ ಕದ್ದವನನ್ನು ಸೆರೆಮನೆಗೆ ತಳ್ಳಬಾರದೆಂಬ ಆ ಆಶಯವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಅದರ ಜೊತೆಗೇ, 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಕಳವನ್ನು ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಅನುಸೂಚಿಯಲ್ಲಿ ಅಸಂಜ್ಞೇಯ ಅಪರಾಧವೆಂದು ವರ್ಗೀಕರಿಸಲಾಗಿದೆ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ಅದರ ತನಿಖೆ ಮಾಡುವಂತಿಲ್ಲ. ಕೇಬಲಿನ ತುಂಡು, ಪಂಪ್‌ಸೆಟ್ಟಿನ ಸ್ಟಾರ್ಟರ್, ನಾಲ್ಕು ಚೀಲ ತೆಂಗಿನಕಾಯಿ, ಕೋಳಿಗೂಡಿನ ಕೋಳಿಗಳು, ಇವು ಎಷ್ಟೋ ಬಾರಿ ಆ ಮಿತಿಯ ಒಳಗೇ ಉಳಿಯುತ್ತವೆ. ಒಂದೇ ತಂಡ ಐದು ಹಳ್ಳಿಗಳಲ್ಲಿ ಹತ್ತು ರೈತರ ಕೇಬಲ್ ಕದ್ದರೆ ಅದು ಗಂಭೀರ ಅಪರಾಧ. ಹತ್ತು ಪ್ರತ್ಯೇಕ ಎನ್‌ಸಿ (ಅಸಂಜ್ಞೇಯ) ಅರ್ಜಿಗಳಾಗಿ ಠಾಣೆಯ ಕಡತದಲ್ಲಿ ಉಳಿದಾಗ, ಅಥವಾ ಅರ್ಜಿಯೇ ಬಾರದೆ ಹೋದಾಗ, ಆ ಹತ್ತನ್ನೂ ಜೋಡಿಸಿ ನೋಡುವವರು ಯಾರು? ಆ ಐದು ಹಳ್ಳಿಗಳಲ್ಲಿ ಓಡಾಡಿ, ತನ್ನ ಬೀಟಿನ, ಅಂದರೆ ತನ್ನ ಹೊಣೆಗೆ ಬಿಟ್ಟ ಪ್ರದೇಶದ, ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಟ್ಟುಕೊಂಡು, ಪಕ್ಕದ ಬೀಟಿನವರೊಂದಿಗೆ ತಾಳೆ ನೋಡುವ ಕಾನ್‌ಸ್ಟೇಬಲ್ ಮಾತ್ರ ಆ ಕೆಲಸ ಮಾಡಬಲ್ಲ. ಹಳ್ಳಿಯ ಮಟ್ಟಿಗೆ ಸಮುದಾಯ ಪೊಲೀಸ್ ವ್ಯವಸ್ಥೆ ಎಂದು ನಾನು ಕರೆಯುವುದು ಮುಖ್ಯವಾಗಿ ಇದನ್ನೇ.

ಈ ಕೆಲಸ ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಊರಿನ ಕಾವಲಿಗೆ ತಳವಾರ, ತೋಟಿಯರಿದ್ದರು. ಉತ್ತರ ಕರ್ನಾಟಕದ ಕಡೆ ವಾಲಿಕಾರರಿದ್ದರು. ಊರಿಗೆ ಬಂದ ಹೊಸಬರು ಯಾರು, ಯಾರ ಮನೆಯ ದನ ಯಾರ ಹೊಲಕ್ಕೆ ನುಗ್ಗಿತು, ಯಾವ ಬದುವಿನ ಜಗಳ ಕುಡುಗೋಲಿನವರೆಗೆ ಹೋಗಬಹುದು ಎಂಬುದು ಅವರಿಗೆ ಗೊತ್ತಿರುತ್ತಿತ್ತು. ಆದರೆ ಆ ವ್ಯವಸ್ಥೆಯನ್ನು ನೆನೆದು ಹಂಬಲಿಸುವವರ ಸಾಲಿನಲ್ಲಿ ನಾನಿಲ್ಲ. ಅದು ಜಾತಿಗೆ ಕಟ್ಟಿಹಾಕಿದ ವಂಶಪಾರಂಪರ್ಯದ ದುಡಿಮೆಯಾಗಿತ್ತು, ಕಾವಲುಗಾರ ಪಟೇಲರ ಅಂಕೆಯಲ್ಲಿದ್ದ, ಪಟೇಲರ ಮನೆಯವರದೇ ತಪ್ಪಾದಾಗ ಅವನ ಬಾಯಿ ಕಟ್ಟಿರುತ್ತಿತ್ತು. ಗ್ರಾಮಾಧಿಕಾರಗಳ ರದ್ದತಿಯ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಆ ಹುದ್ದೆಗಳು ಹೋದದ್ದು ನ್ಯಾಯವಾದ ಕ್ರಮ. ಆದರೆ ಪಟೇಲ, ಶಾನುಭೋಗರ ಕಂದಾಯದ ಕೆಲಸಕ್ಕೆ ಗ್ರಾಮ ಲೆಕ್ಕಿಗರು ಬಂದರು. ಕಾವಲಿನ ಕೆಲಸಕ್ಕೆ ಅಂಥ ಸಂಬಳದ ಹುದ್ದೆಯೊಂದು ಊರಿನೊಳಗೆ ಬರಲಿಲ್ಲ. 1964ರ ಗ್ರಾಮ ರಕ್ಷಣಾ ದಳಗಳ ಕಾಯ್ದೆ ಸ್ವಯಂಸೇವಕರ ದಳಗಳಿಗೆ ಅವಕಾಶ ಕೊಟ್ಟಿತು, ಅದು ಇಂದಿಗೂ ಕಾನೂನಿನ ಪುಸ್ತಕದಲ್ಲಿದೆ. ಎಷ್ಟು ಊರುಗಳಲ್ಲಿ ಅದರ ಉಸಿರಾಟ ಉಳಿದಿದೆ ಎಂಬುದನ್ನು ನಿಮ್ಮ ನಿಮ್ಮ ಪಂಚಾಯಿತಿಗಳನ್ನು ನೆನೆದು ನೀವೇ ಹೇಳಬಹುದು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 29,340 ಹಳ್ಳಿಗಳಿವೆ. ನಗರಗಳನ್ನೂ ಸೇರಿಸಿ ರಾಜ್ಯದಲ್ಲಿರುವ ಪೊಲೀಸ್ ಠಾಣೆಗಳು ಸುಮಾರು ಸಾವಿರದ ಆಸುಪಾಸು. ಹೀಗಾಗಿ ಗ್ರಾಮಾಂತರ ಠಾಣೆಯೊಂದರ ಸರಹದ್ದಿಗೆ ಹತ್ತಾರು ಹಳ್ಳಿಗಳು ಬರುತ್ತವೆ. ಹಿಂದೆ ಬೀಟ್ ಎಂದರೆ ರಾತ್ರಿ ಗಸ್ತು ಹೋಗಿ, ಗೊತ್ತುಪಡಿಸಿದ ಜಾಗದಲ್ಲಿ ಇಟ್ಟಿರುವ ಪಾಯಿಂಟ್ ಬುಕ್ಕಿಗೆ ಸಹಿ ಹಾಕಿ ಬರುವುದು ಎಂಬಂತಾಗಿತ್ತು. 2017ರಲ್ಲಿ ರಾಜ್ಯ ಪೊಲೀಸ್ ಇಲಾಖೆ ತಂದ ಸುಧಾರಿತ ಬೀಟ್ ವ್ಯವಸ್ಥೆ ಈ ಕ್ರಮವನ್ನು ಬದಲಿಸಿತು. ಠಾಣೆಯ ಸರಹದ್ದನ್ನು ಬೀಟುಗಳಾಗಿ ಹಂಚಿ, ಕಾನ್‌ಸ್ಟೇಬಲ್ ಮತ್ತು ಹೆಡ್ ಕಾನ್‌ಸ್ಟೇಬಲ್‌ಗಳಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಪ್ರದೇಶದ ಹೊಣೆ ಕೊಟ್ಟು, ಪ್ರತಿ ಬೀಟಿನಲ್ಲೂ ನಾಗರಿಕರ ಸಮಿತಿ ಇರಬೇಕೆಂದು ಹೇಳಿತು. ಠಾಣೆಯಲ್ಲಿ ಕಟ್ಟಕಡೆಯವನೆಂದು ಎಣಿಸಲ್ಪಡುತ್ತಿದ್ದ ಕಾನ್‌ಸ್ಟೇಬಲ್‌ಗೆ ತನ್ನದೆಂದು ಹೇಳಿಕೊಳ್ಳಲು ಒಂದು ಊರು ಸಿಕ್ಕಿದ್ದು ಆ ಸುಧಾರಣೆಯ ಅತ್ಯಂತ ಒಳ್ಳೆಯ ಅಂಶ ಎಂದು ನನ್ನ ಎಣಿಕೆ. 2025ರ ಜುಲೈನಲ್ಲಿ ಆರಂಭವಾದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮ ಅದರ ಮುಂದಿನ ಹೆಜ್ಜೆ. ದೂರು ಬರುವವರೆಗೆ ಕಾಯದೆ, ಪೊಲೀಸರೇ ಮನೆಗಳಿಗೆ ಭೇಟಿ ಕೊಟ್ಟು ಕಷ್ಟ ಕೇಳಬೇಕೆಂಬುದು ಅದರ ಉದ್ದೇಶ.

ಇಂಥ ಪರಿಚಯ ಏನನ್ನು ಮಾಡಬಲ್ಲದು ಎಂಬುದಕ್ಕೆ ನಮ್ಮ ಗಡಿಯಾಚೆಯ ಉದಾಹರಣೆಯೊಂದಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್ಆ್ಯಪ್ ವದಂತಿ ದೇಶದ ಹಲವೆಡೆ ಜೀವಗಳನ್ನು ಬಲಿ ತೆಗೆದುಕೊಂಡಿತು. ಆಗ ರಾಯಚೂರಿಗೆ ಹೊಂದಿಕೊಂಡಿರುವ ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಯಾಗಿದ್ದವರು ರೆಮಾ ರಾಜೇಶ್ವರಿ. ಅವರು ಹಳ್ಳಿಗಳನ್ನು ಪೊಲೀಸ್ ಸಿಬ್ಬಂದಿಗೆ ಮೊದಲೇ ಹಂಚಿಕೊಟ್ಟಿದ್ದರು. ಬೇಸಗೆಯಲ್ಲಿ ಮನೆಯ ಹೊರಗೆ ಮಲಗುತ್ತಿದ್ದ ಜನ ಕತ್ತಲಾಗುತ್ತಲೇ ಮಕ್ಕಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದಾರೆ ಎಂಬುದನ್ನು ಹಾಗೆ ಊರಿಗೆ ಹೋಗಿಬರುತ್ತಿದ್ದ ಸಿಬ್ಬಂದಿಯೇ ಗಮನಿಸಿ ಮೇಲಿನವರಿಗೆ ತಿಳಿಸಿದರು. ಕಾರಣ ಹುಡುಕಿದಾಗ ಮೊಬೈಲುಗಳಲ್ಲಿ ಹರಿದಾಡುತ್ತಿದ್ದ ಸುಳ್ಳು ವಿಡಿಯೊಗಳು ಸಿಕ್ಕವು. ಆಮೇಲೆ ಪೊಲೀಸರು ಸುಮಾರು 400 ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಅವು ಸುಳ್ಳೆಂದು ವಿವರಿಸಿದರು. ಡಪ್ಪು ಬಾರಿಸುವ ಜನಪದ ಕಲಾವಿದರನ್ನು ಕರೆದುಕೊಂಡು ಹೋಗಿ ಹಾಡಿನ ಮೂಲಕ ಹೇಳಿಸಿದರು. ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ತಾವೂ ಸೇರಿಕೊಂಡರು. ಆ ವದಂತಿಗೆ ಅಲ್ಲಿ ಒಂದೂ ಪ್ರಾಣ ಹೋಗಲಿಲ್ಲ.

ಅದೇ ವರ್ಷದ ಜುಲೈ 13ರಂದು ನಮ್ಮ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತೆಂಬುದನ್ನು ನಾವು ಮರೆಯಬಾರದು. ಹೈದರಾಬಾದಿನಿಂದ ಬಂದಿದ್ದ ಯುವಕರು ದಾರಿಯ ಊರೊಂದರಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬಷ್ಟಕ್ಕೆ ಸಂಶಯ ಹುಟ್ಟಿತು. ಅವರ ಕಾರಿಗಿಂತ ಮುಂದೆ ವಾಟ್ಸ್ಆ್ಯಪ್ ಸಂದೇಶ ಓಡಿತು. ಮುರ್ಕಿಯಲ್ಲಿ ಅಡ್ಡಗಟ್ಟಿದ ಗುಂಪು ಒಬ್ಬನನ್ನು ಕೊಂದೇಬಿಟ್ಟಿತು. ಅವರನ್ನು ಉಳಿಸಲು ಗುಂಪಿನೊಳಗೆ ನುಗ್ಗಿದ ಪೊಲೀಸರೂ ಗಾಯಗೊಂಡರು, ಅವರ ಧೈರ್ಯವನ್ನು ಗೌರವದಿಂದ ನೆನೆಯಬೇಕು. ನಾಲ್ಕು ದಿನಗಳ ನಂತರ, ಜುಲೈ 17ರಂದು, ಗುಂಪು ಹತ್ಯೆ ತಡೆಗೆ ಪ್ರತಿ ಜಿಲ್ಲೆಯಲ್ಲೂ ನೋಡಲ್ ಅಧಿಕಾರಿ ಇರಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಆದರೆ ನೋಡಲ್ ಅಧಿಕಾರಿಗೆ ಸುದ್ದಿ ಮುಟ್ಟಿಸುವವರು ಊರಿನಲ್ಲಿರಬೇಕು. ವದಂತಿ ಒಂದು ಊರಿನಿಂದ ಇನ್ನೊಂದಕ್ಕೆ ಹೋಗಲು ತೆಗೆದುಕೊಳ್ಳುವ ಕೆಲವೇ ನಿಮಿಷಗಳಲ್ಲಿ ‘ಇದು ನಿಜವೇ ಸಾರ್?’ ಎಂದು ಯಾರಾದರೊಬ್ಬರು ತಮ್ಮ ಬೀಟಿನವರಿಗೆ ಕರೆ ಮಾಡಿ ಕೇಳುವಷ್ಟು ಸಲುಗೆ ಮೊದಲೇ ಬೆಳೆದಿರಬೇಕಾಗುತ್ತದೆ.

ಇಷ್ಟರವರೆಗೆ ನಾನು ಊರು, ಜನ ಎಂದು ಒಂದೇ ಮಾತಿನಲ್ಲಿ ಹೇಳಿಕೊಂಡು ಬಂದೆ. ಇನ್ನು ಮುಂದೆ ಹಾಗೆ ಹೇಳಲು ಬರುವುದಿಲ್ಲ. ಈ ವಿಷಯದಲ್ಲಿ ನಾನು ಹೇಳಲೇಬೇಕೆಂದು ಬಂದಿರುವ ಮಾತೂ ಇದೇ: ನಮ್ಮ ಹಳ್ಳಿ ಒಂದೇ ಸಮುದಾಯವಲ್ಲ. ಬೀಟ್ ಪೊಲೀಸ್ ಬೈಕಿನಿಂದ ಇಳಿದು ಕೂರುವ ಜಾಗ ಸಾಮಾನ್ಯವಾಗಿ ಪಂಚಾಯಿತಿ ಕಚೇರಿ, ಹಾಲಿನ ಡೇರಿಯ ಜಗಲಿ, ಅರಳಿಕಟ್ಟೆ ಅಥವಾ ಊರ ಮುಖಂಡರ ಮನೆ. ಅಲ್ಲಿ ಸೇರುವವರು ಗಂಡಸರು, ಜಮೀನುಳ್ಳವರು, ಬಹುಸಂಖ್ಯಾತ ಜಾತಿಯವರು. ಅವರು ಕೊಡುವ ಮಾಹಿತಿಯೇ ಊರಿನ ಮಾಹಿತಿಯಾಗುತ್ತದೆ. ಅವರು ಸೂಚಿಸಿದ ಹೆಸರುಗಳೇ ಸಮಿತಿಯ ಹೆಸರುಗಳಾಗುತ್ತವೆ. ಆ ಸಮಿತಿ ಹೊರಗಿನಿಂದ ಬರುವ ಕಳ್ಳನನ್ನು ಹಿಡಿಯಲು ನೆರವಾಗುತ್ತದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಊರಿನ ಒಳಗೇ, ಬಲ್ಲವರಿಂದಲೇ ನಡೆಯುವ ಅಪರಾಧದ ವಿಷಯ ಬಂದಾಗ ಅದೇ ಸಮಿತಿ ‘ಊರ ಮರ್ಯಾದೆ’ಯ ಹೆಸರಿನಲ್ಲಿ ರಾಜಿ ಮಾಡಿಸುವ ಕೂಟವಾಗಿಬಿಡುತ್ತದೆ.

2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೇ ಸುಟ್ಟು ಕೊಲ್ಲಲಾಯಿತು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಸಾಕ್ಷಿಗಳು ಪ್ರತಿಕೂಲವಾಗಿ ನುಡಿದಿದ್ದರು. ಏಳು ಜೀವಗಳು ಹೋದ ಊರಿನಲ್ಲಿ ಕಂಡದ್ದನ್ನು ಕಂಡಂತೆ ಹೇಳುವ ಸ್ಥಿತಿ ಉಳಿದಿರಲಿಲ್ಲವೆಂದರೆ, ಆ ಊರಿನಲ್ಲಿ ಪೊಲೀಸರ ಆಸರೆ ಯಾರಿಗೆ ಎಷ್ಟಿತ್ತು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕಾಗುತ್ತದೆ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರಿನಲ್ಲಿ, ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಮೇಲ್ಮನವಿಯಾಗಿ ಹೈಕೋರ್ಟಿನ ಮುಂದೆ ಹೋಯಿತು. ಎರಡೂ ಕಡೆ ಬೆಂಕಿ ಬೀಳುವ ಮೊದಲು ಊರಿನಲ್ಲಿ ಮನಸ್ತಾಪ ಹೊಗೆಯಾಡುತ್ತಿತ್ತು. ಕ್ಷೌರದ ಅಂಗಡಿಯಲ್ಲಿ ಪ್ರವೇಶವಿಲ್ಲ, ಹೋಟೆಲಿನಲ್ಲಿ ಬೇರೆ ಲೋಟ, ದೇವಸ್ಥಾನದ ಮುಂದೆ ತಡೆ, ಇವು ದೊಡ್ಡ ಹಿಂಸೆಯ ಮುನ್ಸೂಚನೆಗಳು. ಅವು ತಮ್ಮಷ್ಟಕ್ಕೆ ಅಪರಾಧಗಳೂ ಹೌದು. ಅರಳಿಕಟ್ಟೆಯ ಮೇಲೆ ಕೂತವರು ಅವನ್ನು ಬೀಟ್ ಪೊಲೀಸರಿಗೆ ಹೇಳುವುದಿಲ್ಲ. ಕೇರಿಗೆ ಹೋದರೆ ಮಾತ್ರ ಅವು ಗೊತ್ತಾಗುತ್ತವೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಂ ಕರ್ತವ್ಯವನ್ನು ಬೇಕೆಂದೇ ಕಡೆಗಣಿಸುವ ಸರ್ಕಾರಿ ನೌಕರರನ್ನೂ ಶಿಕ್ಷೆಗೆ ಒಳಪಡಿಸುತ್ತದೆ ಎಂಬುದನ್ನು ಇಲ್ಲಿರುವ ಸಿಬ್ಬಂದಿ ಬಲ್ಲಿರಿ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಊರಿನ ತಿಳಿವಳಿಕೆಯೆಲ್ಲ ಅವರಲ್ಲೇ ಇದೆ, ಅದನ್ನು ಕೇಳುವವರು ಕಡಿಮೆ. ಯಾವ ಪೆಟ್ಟಿಗೆ ಅಂಗಡಿಯಲ್ಲಿ ಹಾಲು, ಬ್ರೆಡ್ಡಿನ ಜೊತೆಗೆ ಮದ್ಯದ ಪ್ಯಾಕೆಟ್ ಸಿಗುತ್ತದೆ, ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತದೆ, ಸರಕು ಯಾವ ಗಾಡಿಯಲ್ಲಿ ಬರುತ್ತದೆ ಎಂಬುದು ಊರಿನ ಪ್ರತಿ ಹೆಂಗಸಿಗೂ ಗೊತ್ತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಬಂದದ್ದು ಇದೇ ನೋವನ್ನು ಹೇಳಲು. ಕುಡಿತದ ಮನೆಯ ಹೊಡೆತ, ಮಟ್ಕಾ ಚೀಟಿಗೆ ಹೋಗುವ ಕೂಲಿ, ಅಂದರ್ ಬಾಹರ್ ಆಟದಲ್ಲಿ ಅಡವಾಗುವ ಬೈಕು, ಸಾಲದ ಕಂತಿಗೆ ಬಾಗಿಲಲ್ಲಿ ಬಂದು ನಿಲ್ಲುವವರು, ಇವೆಲ್ಲ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತವೆ. ಸಾಲ ವಸೂಲಿಯ ಕಿರುಕುಳಕ್ಕೆ ಹೆದರಿ ಕುಟುಂಬಗಳು ಮನೆ ಬಿಟ್ಟು ಹೋದ ಮೇಲೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸಣ್ಣ ಸಾಲಗಳ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದು, 10 ವರ್ಷಗಳವರೆಗಿನ ಸೆರೆವಾಸ ಮತ್ತು 5 ಲಕ್ಷ ರೂಪಾಯಿಯವರೆಗಿನ ದಂಡವನ್ನು ಗೊತ್ತುಪಡಿಸಿತು. ಬಾಗಿಲಿಗೆ ಬೀಗ ಬೀಳುವುದಕ್ಕೆ ತಿಂಗಳುಗಳ ಮೊದಲೇ ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಯಾರ ಕಂತು ನಿಂತಿದೆ, ಯಾರನ್ನು ಯಾರು ಬೈದು ಹೋದರು ಎಂಬ ಮಾತು ಬಂದಿರುತ್ತದೆ. ಆ ಸಭೆಗೆ ತಿಂಗಳಿಗೊಮ್ಮೆ ಮಹಿಳಾ ಕಾನ್‌ಸ್ಟೇಬಲ್ ಹೋಗಿ ಅರ್ಧ ಗಂಟೆ ಕೂತು ಬಂದರೆ ಠಾಣೆಗೆ ಸಿಗುವ ತಿಳಿವಳಿಕೆ, ವರ್ಷಕ್ಕೊಮ್ಮೆ ಶಾಮಿಯಾನ ಹಾಕಿಸಿ ನಡೆಸುವ ಜನಸಂಪರ್ಕ ಸಭೆಯಲ್ಲಿ ಸಿಗುವುದಿಲ್ಲ.

ಬಾಲ್ಯವಿವಾಹವೂ ಹೀಗೆಯೇ ಊರಿಗೆಲ್ಲ ಗೊತ್ತಿದ್ದು ಠಾಣೆಗೆ ಮಾತ್ರ ಗೊತ್ತಾಗದ ಅಪರಾಧ. ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ ಶಾಲೆಯ ಮುಖ್ಯ ಶಿಕ್ಷಕರವರೆಗೆ ಹಲವರನ್ನು ಬಾಲ್ಯವಿವಾಹ ನಿಷೇಧಾಧಿಕಾರಿಗಳೆಂದು ನೇಮಿಸಲಾಗಿದೆ. ಆದರೂ ಲಗ್ನಪತ್ರಿಕೆಯ ಸುಳಿವು ಮೊದಲು ಸಿಗುವುದು ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ, ಮೂರು ದಿನಗಳಿಂದ ಗೆಳತಿ ಶಾಲೆಗೆ ಬಂದಿಲ್ಲವೆಂದು ಗಮನಿಸುವ ಸಹಪಾಠಿಗೆ. ಅವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಮಾಡುತ್ತಲೂ ಇದ್ದಾರೆ. ಆ ಮೇಲೆ ‘ಹೇಳಿದವರು ಯಾರು’ ಎಂದು ಊರಿನವರು ಹುಡುಕತೊಡಗಿದಾಗ ಆ ಕಾರ್ಯಕರ್ತೆಯ ಹೆಸರು ಠಾಣೆಯಿಂದ ಹೊರಬೀಳಬಾರದು. ಮಾಹಿತಿ ಕೊಟ್ಟವರ ಹೆಸರು ಒಮ್ಮೆ ಬಯಲಾದರೆ ಆ ಊರಿನಿಂದ ಮುಂದೆ ಅನೇಕ ವರ್ಷಗಳ ಕಾಲ ಯಾವ ಕರೆಯೂ ಬರುವುದಿಲ್ಲ.

ಕಾನ್‌ಸ್ಟೇಬಲ್‌ಗಳ ಕಷ್ಟವನ್ನು ಹೇಳದೆ ಅವರಿಂದ ಇಷ್ಟೆಲ್ಲ ನಿರೀಕ್ಷಿಸುವುದು ನ್ಯಾಯವಲ್ಲ. ಜಾತ್ರೆ, ಗಣೇಶೋತ್ಸವ, ಚುನಾವಣೆ, ಗಣ್ಯರ ಭೇಟಿ, ಹೀಗೆ ವರ್ಷದ ಎಷ್ಟೋ ದಿನಗಳು ಬಂದೋಬಸ್ತಿನಲ್ಲೇ ಕಳೆಯುತ್ತವೆ. ಉಳಿದ ದಿನಗಳಲ್ಲಿ ಸಮನ್ಸ್ ಜಾರಿ, ವಾರಂಟ್, ನ್ಯಾಯಾಲಯದ ಕರ್ತವ್ಯ, ಶವ ಪರೀಕ್ಷೆಯ ಕಾವಲು. ಬೀಟಿಗೆ ಹೋದದ್ದನ್ನು ಆ್ಯಪಿನಲ್ಲಿ ಫೋಟೊ ಹಾಕಿ ತೋರಿಸಬೇಕು. ಹೀಗಿರುವಾಗ ಭೇಟಿ ಎಂಬುದು ಫೋಟೊ ತೆಗೆಯುವಷ್ಟು ಹೊತ್ತಿಗೆ ಇಳಿದರೆ ಆ ತಪ್ಪನ್ನು ಅವರೊಬ್ಬರ ತಲೆಗೆ ಕಟ್ಟಲಾಗದು. ಎಷ್ಟು ಮನೆಗಳಿಗೆ ಹೋದರು ಎಂಬುದನ್ನು ಲೆಕ್ಕ ಹಾಕುವ ಮೇಲಧಿಕಾರಿಗಳು, ಹೋದ ಮನೆಯಲ್ಲಿ ಏನು ತಿಳಿದುಬಂತು, ಅದರ ಮೇಲೆ ಏನು ಕ್ರಮವಾಯಿತು ಎಂದು ಕೇಳುವವರೆಗೆ ಈ ಪರಿಸ್ಥಿತಿ ಬದಲಾಗದು. ವರ್ಗಾವಣೆಯದು ಇನ್ನೊಂದು ಸಂಕಟ. ಎರಡು ಮೂರು ವರ್ಷಗಳಲ್ಲಿ ಒಬ್ಬರು ಸಂಪಾದಿಸಿದ ಪರಿಚಯ ಅವರ ಜೊತೆಗೇ ಹೊರಟುಹೋಗುತ್ತದೆ. ಹೊಸದಾಗಿ ಬಂದವರನ್ನು ಹಳಬರು ಒಂದು ವಾರ ತಮ್ಮ ಜೊತೆ ಊರೂರಿಗೆ ಕರೆದುಕೊಂಡು ಹೋಗಿ ಪರಿಚಯಿಸಿದ ಮೇಲಷ್ಟೇ ಬಿಡುಗಡೆಯಾಗಬೇಕೆಂಬ ನಿಯಮವೊಂದಿದ್ದರೆ ಎಷ್ಟೋ ಉಳಿಯುತ್ತದೆ.

ಕೇರಳದಲ್ಲಿ 2008ರಿಂದ ಜನಮೈತ್ರಿ ಸುರಕ್ಷಾ ಯೋಜನೆ ನಡೆಯುತ್ತಿದೆ. ಬೀಟ್ ಅಧಿಕಾರಿಗೆ ತನ್ನ ಪ್ರದೇಶದ ಪ್ರತಿ ಮನೆಯ ಪರಿಚಯವೂ ಇರಬೇಕೆಂಬುದು ಅದರ ಅಡಿಪಾಯ. ಅಲ್ಲಿಂದ ನಾವು ಕಲಿಯಬೇಕಾದದ್ದು ಸಮಿತಿ ರಚನೆಯ ಎಚ್ಚರವನ್ನು. ಅಪರಾಧ ಪ್ರಕರಣಗಳಲ್ಲಿ ಸಿಕ್ಕಿಕೊಂಡವರಿಗೆ ಸಮಿತಿಯಲ್ಲಿ ಜಾಗವಿಲ್ಲ, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಪ್ರಾತಿನಿಧ್ಯ ಇರಬೇಕು ಎಂಬ ಮಾತು ಯೋಜನೆಯಲ್ಲೇ ಸೇರಿದೆ. ನಮ್ಮ ಬೀಟ್ ಸಮಿತಿಗಳ ಸದಸ್ಯರ ಪಟ್ಟಿಯನ್ನು ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕಬೇಕು, ಗ್ರಾಮಸಭೆಯಲ್ಲಿ ಓದಬೇಕು, ಆಕ್ಷೇಪಣೆಗೆ ಅವಕಾಶ ಕೊಡಬೇಕು ಎಂದು ನಾನು ಈ ಸಭೆಯಲ್ಲಿರುವ ಪಂಚಾಯಿತಿ ಸದಸ್ಯರನ್ನು ಒತ್ತಾಯಿಸುತ್ತೇನೆ. ಮಟ್ಕಾ ನಡೆಸುವವನ ಅಣ್ಣನೇ ಸಮಿತಿಯಲ್ಲಿ ಕೂತಿದ್ದರೆ ಅದನ್ನು ಊರಿನವರು ಎದ್ದುನಿಂತು ಹೇಳುವ ಜಾಗ ಗ್ರಾಮಸಭೆ. ಅದಕ್ಕೂ ಮೊದಲು ನಡೆಯುವ ಮಹಿಳಾ ಗ್ರಾಮಸಭೆ ಮತ್ತು ಮಕ್ಕಳ ಗ್ರಾಮಸಭೆಗಳಿಗೆ ಬೀಟ್ ಪೊಲೀಸರು ಬರುವುದು ಕಡ್ಡಾಯವಾಗಬೇಕು.

ಸಮಿತಿಯ ಸದಸ್ಯರು ಪೊಲೀಸರಲ್ಲ ಎಂಬುದನ್ನು ಅವರಿಗೂ ಊರಿಗೂ ಬಿಡಿಸಿ ಹೇಳಬೇಕು. ಅಪರಿಚಿತರ ಚೀಲ ತಪಾಸಣೆ ಮಾಡುವ, ಜೊತೆಯಾಗಿ ಹೋಗುವ ಹುಡುಗ ಹುಡುಗಿಯರನ್ನು ತಡೆದು ಹೆಸರು ಕೇಳುವ ಅಧಿಕಾರ ಯಾವ ಸಮಿತಿಗೂ ಇಲ್ಲ. ಕರಾವಳಿಯಲ್ಲಿ ನೈತಿಕ ಪೊಲೀಸ್‌ಗಿರಿಯ ಹೆಸರಿನಲ್ಲಿ ನಡೆದ ಹಲ್ಲೆಗಳನ್ನು ಕಂಡಿರುವ ನಾವು ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯಬೇಕು. ಮನೆ ಮನೆಗೆ ಹೋಗುವ ಪೊಲೀಸರಿಗೂ ಒಂದು ಗೆರೆಯಿದೆ. ಒಂಟಿಯಾಗಿರುವ ವೃದ್ಧರು ಯಾರು, ಯಾವ ಮನೆ ಹಗಲು ಖಾಲಿಯಿರುತ್ತದೆ ಎಂಬ ವಿವರ ಕಳ್ಳನ ಕೈಗೆ ಸಿಕ್ಕರೆ ಅವನಿಗೇ ಹೆಚ್ಚು ಉಪಯೋಗ. ಸಂಗ್ರಹಿಸಿದ ವಿವರ ಎಲ್ಲಿರುತ್ತದೆ, ಯಾರು ನೋಡಬಹುದು ಎಂದು ಮನೆಯವರು ಕೇಳಿದರೆ ಅವರನ್ನು ಸಂಶಯದಿಂದ ನೋಡಬಾರದು.

ಕೊನೆಯದಾಗಿ ದೂರಿನ ವಿಷಯ. ಸಂಜ್ಞೇಯ ಅಪರಾಧದ, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಸರಹದ್ದು ಯಾವುದೇ ಇರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದೆಂದು ಹೇಳುತ್ತದೆ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. 193ನೇ ಕಲಮಿನ ಪ್ರಕಾರ ತನಿಖೆ ಎಲ್ಲಿಗೆ ಬಂತೆಂಬುದನ್ನು 90 ದಿನಗಳೊಳಗೆ ತಿಳಿಸಬೇಕು. ಹಳ್ಳಿಯ ದೂರುದಾರರಿಗೆ ಈ ಸುದ್ದಿಯನ್ನು ಮೊಬೈಲಿನ ಸಂದೇಶವೊಂದರಿಂದ ಮುಟ್ಟಿಸಿ ಕೈತೊಳೆದುಕೊಳ್ಳಬಾರದು. ಓದಲು ಬಾರದವರಿಗೆ, ಮೊಬೈಲು ಮಗನ ಕೈಯಲ್ಲಿರುವ ತಾಯಂದಿರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ತನ್ನ ಬೀಟಿನ ದೂರುದಾರರ ಪಟ್ಟಿಯನ್ನು ಕಾನ್‌ಸ್ಟೇಬಲ್ ಜೊತೆಯಲ್ಲಿಟ್ಟುಕೊಂಡು, ಅವರ ಮನೆಗೇ ಹೋಗಿ, ಕೇಬಲ್ ಸಿಕ್ಕಿತೋ ಇಲ್ಲವೋ, ಆರೋಪಪಟ್ಟಿ ಹೋಯಿತೋ ಇಲ್ಲವೋ, ಸಿಗದಿದ್ದರೆ ಏಕೆ ಸಿಗಲಿಲ್ಲ ಎಂಬುದನ್ನು ಬಾಯಿಮಾತಿನಲ್ಲಿ ಹೇಳಿ ಬರಬೇಕು. ಈ ಭೇಟಿಗಳನ್ನು ಕೇರಿಯ ಮನೆಗಳಿಂದ ಆರಂಭಿಸಿ, ಪ್ರತಿ ತಿಂಗಳು ಇಂತಿಷ್ಟು ದೂರುದಾರರಿಗೆ ಉತ್ತರ ಹೇಳಲಾಯಿತೆಂಬ ವಿವರವನ್ನು ಠಾಣಾಧಿಕಾರಿಗಳು ಮುಂದಿನ ಗ್ರಾಮಸಭೆಯಲ್ಲಿ ಮಂಡಿಸುವಂತೆ ನಿಮ್ಮ ಪಂಚಾಯಿತಿಗಳು ಈ ತಿಂಗಳೇ ನಿರ್ಣಯ ಮಾಡಿ ತಾಲ್ಲೂಕಿನ ಡಿವೈಎಸ್‌ಪಿ ಅವರಿಗೆ ಕಳುಹಿಸಬಹುದು.